ಪ್ಲೇಟ್ ಬದಲಾದಾಗಲೆಲ್ಲ ನೋಡ್ ತೆರೆಯಬೇಕಾ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಜೂನಿಯರ್ ಕಂಪೋಸಿಟರ್. ಚಿತ್ರದ ತುಣುಕುಗಳನ್ನು ಒಂದೇ ಶಾಟ್ ಆಗಿ ಜೋಡಿಸುವ ನ್ಯೂಕ್ ಸಾಫ್ಟ್‌ವೇರ್‌ನಲ್ಲಿ ಕೆಲಸ. ಪ್ಲೇಟಿನ, ಅಂದರೆ ಶೂಟ್ ಮಾಡಿದ ಫೂಟೇಜಿನ, ಹೊಸ ವರ್ಷನ್ ಬಂದಾಗಲೆಲ್ಲ ಅದನ್ನು ಒಳತರುವ ರೀಡ್ ನೋಡ್‌ಗಳನ್ನು ಒಂದೊಂದಾಗಿ ತೆರೆದು ಫೈಲ್ ಪಾತ್ ಬದಲಿಸುತ್ತೇನೆ. ಪೈಥಾನ್ ಬಂದರೆ ಇದು ತಪ್ಪುತ್ತದಂತೆ, ಹೌದಾ? ನಾನು ಓದಿದ್ದು ಬಿ.ಕಾಂ., ಕೋಡಿಂಗ್ ಗೊತ್ತಿಲ್ಲ.
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಖಂಡಿತ ತಪ್ಪುತ್ತದೆ. ಬಿ.ಕಾಂ. ಏನೂ ಅಡ್ಡಿಯಲ್ಲ. ಪೂರ್ತಿ ಪೈಥಾನ್ ಕಲಿತ ಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ, ಈ ಒಂದು ಕೆಲಸವನ್ನೇ ಹಿಡಿದು ಶುರು ಮಾಡಿ.

ಒಂದೆರಡು ನೋಡ್ ಇದ್ದರೆ ಸ್ಕ್ರಿಪ್ಟೇ ಬೇಡ. ಸೆಲೆಕ್ಟ್ ಮಾಡಿ ಆಲ್ಟ್ ಜೊತೆ ಮೇಲಿನ ಬಾಣದ ಕೀ ಒತ್ತಿ, ವರ್ಷನ್ ಒಂದು ಏರುತ್ತದೆ. ಜಾಸ್ತಿ ಇದ್ದರೆ ಸ್ಕ್ರಿಪ್ಟ್ ಎಡಿಟರ್ ತೆರೆಯಿರಿ. 'ನ್ಯೂಕ್ ಡಾಟ್ ಆಲ್‌ನೋಡ್ಸ್'ಗೆ 'ರೀಡ್' ಅಂತ ಕೊಟ್ಟರೆ ರೀಡ್ ನೋಡ್‌ಗಳೆಲ್ಲ ಒಂದು ಪಟ್ಟಿಯಾಗಿ ಸಿಗುತ್ತವೆ. ಅದರ ಮೇಲೊಂದು ಫಾರ್ ಲೂಪ್ (ಪಟ್ಟಿಯ ಪ್ರತಿಯೊಂದಕ್ಕೂ ಅದೇ ಕೆಲಸ ಮಾಡಿಸುವ ಕೋಡ್) ಹಾಕಿ, ಪ್ರತಿಯೊಂದರ 'ಫೈಲ್' ನಾಬ್‌ನಿಂದ, ಅಂದರೆ ಆ ಸೆಟ್ಟಿಂಗ್‌ನಿಂದ, ಪಾತ್ ಓದಿ, ವಿ002 ಇದ್ದಲ್ಲಿ ವಿ003 ಮಾಡಿ, 'ಸೆಟ್‌ವ್ಯಾಲ್ಯೂ' ಮೂಲಕ ವಾಪಸ್ ಬರೆಯುವುದು, ಅಷ್ಟೇ. ಹತ್ತು ಸಾಲು ಕೂಡ ಆಗುವುದಿಲ್ಲ. ಆದರೆ ಮೊದಲ ಸಲ ಏನನ್ನೂ ಬದಲಿಸಬೇಡಿ, ಹೊಸ ಪಾತ್ ಪ್ರಿಂಟ್ ಮಾತ್ರ ಮಾಡಿಸಿ ಕಣ್ಣಾರೆ ಓದಿ. ಆ ಫೋಲ್ಡರ್ ಸರ್ವರ್‌ನಲ್ಲಿ ನಿಜವಾಗಿಯೂ ಇದೆಯಾ ಅಂತಲೂ ಸ್ಕ್ರಿಪ್ಟ್‌ನಿಂದಲೇ ಕೇಳಿಸಿ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಆಲ್‌ನೋಡ್ಸ್ ತಾನಾಗಿ ಗ್ರೂಪ್ (ಹಲವು ನೋಡ್ ಸೇರಿಸಿದ ಕಟ್ಟು) ಒಳಗೆ ಇಣುಕುವುದಿಲ್ಲ, 'ರಿಕರ್ಸ್‌ಗ್ರೂಪ್ಸ್' ಅನ್ನು ಟ್ರೂ ಮಾಡಬೇಕು. ಇನ್ನೊಂದು ಇದಕ್ಕಿಂತ ಅಪಾಯ: ಸೆಟ್‌ವ್ಯಾಲ್ಯೂ ಪಾತ್ ಬದಲಿಸುತ್ತದೆ, ಫ್ರೇಮ್ ರೇಂಜ್ ಮುಟ್ಟುವುದಿಲ್ಲ. ಹೊಸ ಪ್ಲೇಟ್ 8 ಫ್ರೇಮ್ ಉದ್ದ ಬಂದಿದ್ದರೂ ನೋಡ್ ಹಳೇ ಕಡೇ ಫ್ರೇಮಿಗೇ ನಿಂತುಬಿಡುತ್ತದೆ, ಕ್ಲೈಂಟ್ ನೋಡುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ 'ಫ್ರಮ್‌ಯೂಸರ್‌ಟೆಕ್ಸ್ಟ್' ಬಳಸಿ, ಪಾತ್ ಪಕ್ಕದಲ್ಲೇ ರೇಂಜ್ ಕೊಡಬಹುದು.

ಹಳೇ ಟ್ಯುಟೋರಿಯಲ್ ನೋಡುವಾಗ ಹುಷಾರು. 2021ರ ನ್ಯೂಕ್ 13ರಿಂದ ಪೈಥಾನ್ 3 ಬಂದಿದೆ, ಅದಕ್ಕೂ ಮುಂಚಿನ ಕೋಡ್‌ನಲ್ಲಿ ಬ್ರಾಕೆಟ್ ಇಲ್ಲದ ಪ್ರಿಂಟ್ ಕಂಡರೆ ಎರರ್ ಗ್ಯಾರಂಟಿ.

ಕೆಲಸ ಹೋಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆ.ಆರ್. ಮಾರ್ಕೆಟ್ ಶಾಟ್‌ನಲ್ಲಿ ಕರೆಂಟ್ ತಂತಿ ಅಳಿಸಿದ ಜಾಗ ಕಣ್ಣಿಗೆ ಹೊಡೆಯುತ್ತಿದೆಯಾ ಇಲ್ಲವಾ ಅನ್ನುವುದನ್ನು ಈ ಹತ್ತು ಸಾಲು ಹೇಳುವುದಿಲ್ಲ, ಅಲ್ವಾ? ಅದಕ್ಕೆ ನೀವೇ ಬೇಕು.

ಮನೆಯಲ್ಲಿ ಅಭ್ಯಾಸಕ್ಕೆ ನ್ಯೂಕ್‌ನ ಉಚಿತ ನಾನ್-ಕಮರ್ಷಿಯಲ್ ಆವೃತ್ತಿ ಇದೆ. ಅದರಲ್ಲಿ ಉಳಿಸಿದ ಕಾಂಪ್ ಫೈಲ್ ಆಫೀಸಿನ ನ್ಯೂಕ್‌ನಲ್ಲಿ ತೆರೆಯುವುದಿಲ್ಲ. ಪೈಥಾನ್ ಫೈಲ್ ಬರೀ ಟೆಕ್ಸ್ಟ್, ಅದಕ್ಕೆ ಆ ತೊಂದರೆ ಇಲ್ಲ. ಸೂಪರ್‌ವೈಸರ್‌ಗೆ ತೋರಿಸಿ, ಒಪ್ಪಿದರೆ ನಿಮ್ಮ 'ಡಾಟ್ ನ್ಯೂಕ್' ಫೋಲ್ಡರಿನ ಮೆನು ಫೈಲ್‌ಗೆ ಸೇರಿಸಿಕೊಳ್ಳಿ.