ಕಮರ್ಷಿಯಲ್ ಮ್ಯೂಸಿಕ್ ಓದಲು ನ್ಯಾಶ್‌ವಿಲ್‌ಗೆ: ಯಾವ ಬಾಗಿಲು ತಟ್ಟಬೇಕು?

ಪ್ರಶ್ನೆ: ನಾನು ಶಿವಮೊಗ್ಗದವನು, ಸೆಕೆಂಡ್ ಪಿಯುಸಿಗೆ ಈಗ ಕಾಲಿಟ್ಟಿದ್ದೇನೆ. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ, ಸೀನಿಯರ್ ಪರೀಕ್ಷೆ ಪಾಸಾಗಿದೆ. ನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತೇನೆ, ಕಾಲೇಜಿನ ಬ್ಯಾಂಡ್‌ನಲ್ಲೂ ಇದ್ದೇನೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಬೆಲ್ಮಾಂಟ್ ಯೂನಿವರ್ಸಿಟಿ ಅಂತ ಇದೆ, ಅಲ್ಲಿ ಕಮರ್ಷಿಯಲ್ ಮ್ಯೂಸಿಕ್ ಡಿಗ್ರಿ ಓದಬೇಕು ಅಂತ ಆಸೆ. ಹೆಸರು ಕೇಳಿ ಅಪ್ಪ "ಇದು ಬಿಕಾಂ ತರಹವಾ?" ಅಂದರು. ಅರ್ಜಿ ಹೇಗೆ ಹಾಕಬೇಕು, ಆಡಿಷನ್‌ನಲ್ಲಿ ಏನು ನುಡಿಸಬೇಕು? ನನ್ನ ಕರ್ನಾಟಕ ಸಂಗೀತ ಅಲ್ಲಿ ಲೆಕ್ಕಕ್ಕೆ ಬರುತ್ತದಾ?

ಉತ್ತರ: ಅಪ್ಪನ ಪ್ರಶ್ನೆಗೆ ನಗಬೇಡಿ. ಅಲ್ಲೇ ಎಡವಿದವರು ಬಹಳ ಜನ ಇದ್ದಾರೆ.

ನಮ್ಮಲ್ಲಿ ಶಾಸ್ತ್ರೀಯ, ಸುಗಮ ಸಂಗೀತ, ಸಿನಿಮಾ ಹಾಡು ಅಂತ ಬೇರೆ ಬೇರೆ ಮಾಡುತ್ತೇವಲ್ಲ, ಅವರ ಕ್ಲಾಸಿಕಲ್ ಮತ್ತು ಕಮರ್ಷಿಯಲ್ ನಡುವಿನ ಗೆರೆಯೂ ಹತ್ತಿರ ಹತ್ತಿರ ಹಾಗೆಯೇ. ಪಾಪ್, ರಾಕ್, ಕಂಟ್ರಿ, ಗಾಸ್ಪೆಲ್, ಜಾಝ್, ಸ್ಟುಡಿಯೊ ಕೆಲಸ ಎಲ್ಲ ಕಮರ್ಷಿಯಲ್ ಕಡೆಗೆ ಬರುತ್ತವೆ. ಡಿಗ್ರಿಯ ಹೆಸರು ಬ್ಯಾಚುಲರ್ ಆಫ್ ಮ್ಯೂಸಿಕ್. ಓದುವುದು ಸಂಗೀತವನ್ನೇ: ಥಿಯರಿ, ಕಿವಿ ತಿದ್ದುವ ಕ್ಲಾಸು, ಒಬ್ಬರೇ ಗುರುವಿನ ಮುಂದೆ ಕೂತು ಪಾಠ, ಗುಂಪಿನಲ್ಲಿ ನುಡಿಸುವುದು, ಕೊನೆಗೆ ಒಂದು ಕಛೇರಿ. ಲೆಕ್ಕಪತ್ರ, ಕಾಂಟ್ರಾಕ್ಟು, ಕಾಪಿರೈಟು ಇವನ್ನೇ ಮುಖ್ಯವಾಗಿ ಓದಬೇಕು ಅಂದರೆ ಅದು ಮ್ಯೂಸಿಕ್ ಬಿಸಿನೆಸ್. ಅದು ಅದೇ ಯೂನಿವರ್ಸಿಟಿಯಲ್ಲಿ ಮೈಕ್ ಕರ್ಬ್ ಕಾಲೇಜ್ ಅನ್ನುವ ಬೇರೆ ವಿಭಾಗದಲ್ಲಿದೆ. ಹಾಡು ಬರೆಯುವ ಡಿಗ್ರಿ, ರೆಕಾರ್ಡಿಂಗ್ ಎಂಜಿನಿಯರಿಂಗ್ ಕೂಡ ಅಲ್ಲೇ. ಗಾಯಕ ಬ್ರಾಡ್ ಪೈಸ್ಲಿ ಬೆಲ್ಮಾಂಟಿನಲ್ಲಿ ಓದಿದ್ದು ಮ್ಯೂಸಿಕ್ ಬಿಸಿನೆಸ್.

ಈ ಬಾಗಿಲುಗಳು ಬೇರೆ ಬೇರೆ. ಕಮರ್ಷಿಯಲ್ ಮ್ಯೂಸಿಕ್‌ಗೆ ವಾದ್ಯ ಅಥವಾ ಹಾಡಿನ ಆಡಿಷನ್ ಕಡ್ಡಾಯ. ಹಾಡು ಬರೆಯುವ ಡಿಗ್ರಿಗೆ ನೀವೇ ಬರೆದ ಹಾಡು ಕಳಿಸಬೇಕು. ಮ್ಯೂಸಿಕ್ ಬಿಸಿನೆಸ್‌ಗೆ ಆಡಿಷನ್ನೇ ಇಲ್ಲ. ಮನಸ್ಸೆಲ್ಲ ಹಾಡು ಬರೆಯುವುದರಲ್ಲಿ ಇದ್ದು, ಕೈ ಸುಮಾರಾಗಿ ಓಡುವ ಹುಡುಗರು ಗಿಟಾರ್ ಆಡಿಷನ್ ಕೊಟ್ಟು ಬೇಡವಾಗಿ ಬಂದಿದ್ದನ್ನು ನೋಡಿದ್ದೇನೆ. ಆದ್ದರಿಂದ ಮೊದಲು ಒಂದು ವಾರ ಕೂತು ಯೋಚಿಸಿ. ಬೇರೆಯವರ ಹಾಡಿಗೆ ಗಿಟಾರ್ ನುಡಿಸಿ ಬದುಕುವುದು ನಿಮಗೆ ಖುಷಿ ಕೊಡುತ್ತದಾ? ಹೌದು ಅಂದರೆ ಮುಂದೆ ಓದಿ.

ಊರಿನ ಬಗ್ಗೆ ಎರಡು ಮಾತು. ಕ್ಯಾಂಪಸ್ ಪಕ್ಕದಲ್ಲೇ ಮ್ಯೂಸಿಕ್ ರೋ ಇದೆ. ಹಳೇ ಮನೆಗಳೇ ಸ್ಟುಡಿಯೊ, ಪಬ್ಲಿಷಿಂಗ್ ಆಫೀಸುಗಳಾದ ಬೀದಿಗಳು. ಅಲ್ಲಿ ಓಷನ್ ವೇ ಅಂತ ಒಂದು ದೊಡ್ಡ ಸ್ಟುಡಿಯೊ, ಹಳೇ ಚರ್ಚ್ ಕಟ್ಟಡದಲ್ಲಿ. ಅದು 2001ರಿಂದ ಬೆಲ್ಮಾಂಟ್‌ನದ್ದೇ. 1957ರಲ್ಲಿ ಶುರುವಾದ ಆರ್‌ಸಿಎ ಸ್ಟುಡಿಯೊ ಬಿ, ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಇನ್ನೂರಕ್ಕೂ ಜಾಸ್ತಿ ಹಾಡು ರೆಕಾರ್ಡ್ ಮಾಡಿದ ಜಾಗ, ಅದೂ ಅಲ್ಲೇ. ಈ ಡಿಗ್ರಿಯ ಅರ್ಧ ಬೆಲೆ ಆ ಬೀದಿಗಳಲ್ಲಿದೆ ಅಂತ ನನ್ನ ಲೆಕ್ಕ.

ಈಗ ಅರ್ಜಿ. ಯೂನಿವರ್ಸಿಟಿಗೆ ಒಂದು ಅರ್ಜಿ, ಮ್ಯೂಸಿಕ್ ವಿಭಾಗಕ್ಕೆ ಇನ್ನೊಂದು. ಮೊದಲನೆಯದು ಒಪ್ಪಿಗೆಯಾದರೆ ಎರಡನೆಯದೂ ಆಯಿತು ಅಂತ ತಿಳಿಯಬೇಡಿ. ಕ್ಲಾಸ್ ಶುರುವಾಗುವುದು ಆಗಸ್ಟಿನಲ್ಲಿ, ಅರ್ಜಿಯ ಕೆಲಸ ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು. ಇಂಥ ಕಡೆ ಸಾಮಾನ್ಯವಾಗಿ ಡಿಸೆಂಬರ್ ಒಳಗೆ ಮೊದಲ ಸುತ್ತಿನ ವಿಡಿಯೊ ಹೋಗಿರಬೇಕು, ಜನವರಿ ಫೆಬ್ರವರಿಯಲ್ಲಿ ಆಡಿಷನ್, ಏಪ್ರಿಲ್ ಹೊತ್ತಿಗೆ ಉತ್ತರ, ಸೇರುತ್ತೀರಾ ಇಲ್ಲವಾ ಅಂತ ಹೇಳಲು ಮೇ 1 ಗಡುವು. ನಿಮ್ಮ ವರ್ಷದ ದಿನಾಂಕಗಳನ್ನು ಅವರ ವೆಬ್‌ಸೈಟಿನಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ಅಂದರೆ ನಿಮ್ಮ ಪ್ರಿಪರೇಟರಿ ಪರೀಕ್ಷೆ ಮತ್ತು ಆಡಿಷನ್ ಒಂದೇ ತಿಂಗಳಲ್ಲಿ ಬಂದು ಕೂರುತ್ತವೆ. ಈಗಲೇ ಮನೆಯಲ್ಲಿ ಹೇಳಿಡಿ, ಆಮೇಲೆ ಜಗಳ ಬೇಡ.

ಮಾರ್ಕ್ಸ್ ಕಾರ್ಡಿನದ್ದು ನಮ್ಮ ರಾಜ್ಯದ ಮಕ್ಕಳಿಗೆ ಒಂದು ವಿಶೇಷ ತಲೆನೋವು. ಅಮೆರಿಕದವರು 9ರಿಂದ 12ನೇ ತರಗತಿವರೆಗೆ ನಾಲ್ಕು ವರ್ಷದ ಅಂಕ ಕೇಳುತ್ತಾರೆ. ಅವರ ತಲೆಯಲ್ಲಿ ಅದು ಒಂದೇ ಸ್ಕೂಲು. ನಮ್ಮಲ್ಲಿ 9 ಮತ್ತು 10 ಹೈಸ್ಕೂಲಿನಲ್ಲಿ, ಆಮೇಲಿನ ಎರಡು ವರ್ಷ ಪಿಯು ಕಾಲೇಜಿನಲ್ಲಿ. ಹೈಸ್ಕೂಲಿಗೆ ಹೋಗಿ ಒಂಬತ್ತನೇ ತರಗತಿಯ ಅಂಕಗಳನ್ನು ಸೀಲು, ಸಹಿ ಹಾಕಿಸಿ ತನ್ನಿ. ಕೌನ್ಸೆಲರ್ ತುಂಬಬೇಕಾದ ಫಾರಂ ಬಂದರೆ ನಮ್ಮ ಕಾಲೇಜಿನಲ್ಲಿ ಅಂಥವರೇ ಇಲ್ಲ ಅಂತ ಕೈಬಿಡಬೇಡಿ, ಪ್ರಿನ್ಸಿಪಾಲರು ಅಥವಾ ನಿಮ್ಮನ್ನು ಬಲ್ಲ ಲೆಕ್ಚರರ್ ತುಂಬಬಹುದು. ಅವರಿಗೆ ಇದು ಹೊಸದು. ಪಕ್ಕದಲ್ಲಿ ಕೂತು ಸಹಾಯ ಮಾಡಿ.

ಇನ್ನು ಆಡಿಷನ್. ಕೇಳುವುದು ಸಾಮಾನ್ಯವಾಗಿ ಒಂದಕ್ಕೊಂದು ಹೋಲದ ಎರಡು ಹಾಡು, ಸ್ಕೇಲುಗಳು, ಬರೆದಿದ್ದನ್ನು ನೋಡಿ ನುಡಿಸುವುದು, ಕೇಳಿ ಗುರುತಿಸುವುದು. ಹುಡುಗರು ಇಲ್ಲಿ ಮಾಡುವ ದೊಡ್ಡ ತಪ್ಪು ವೇಗ ತೋರಿಸುವುದು. ಎರಡು ಹಾಡಲ್ಲೂ ಸೋಲೋ, ಸೋಲೋ, ಬರೀ ಸೋಲೋ. ಕೇಳುವವರು ಯೋಚಿಸುತ್ತಿರುವುದು ಬೇರೆ. ಈ ಹುಡುಗನನ್ನು ನಾಳೆ ಒಬ್ಬ ಗಾಯಕಿಯ ಹಿಂದೆ ನಿಲ್ಲಿಸಿದರೆ ಅವಳ ಸಾಲಿಗೆ ಜಾಗ ಬಿಟ್ಟು ನುಡಿಸುತ್ತಾನಾ, ಡ್ರಮ್ಮಿನ ಜೊತೆ ಕೂರುತ್ತಾನಾ, ಮೂರು ನಿಮಿಷ ಒಂದೇ ರಿದಮ್ ಅನ್ನು ಅಲುಗದೆ ಹಿಡಿಯುತ್ತಾನಾ? ಒಂದು ಹಾಡಿನಲ್ಲಾದರೂ ಅದನ್ನೇ ತೋರಿಸಿ. ನಾನು ಹೇಳಿಕೊಡುವಾಗ ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹತ್ತು ನಿಮಿಷ ನುಡಿಸಲು ಹೇಳುತ್ತೇನೆ. ಎರಡನೇ ನಿಮಿಷಕ್ಕೇ ಓಡಲು ಶುರು ಮಾಡುವವರೇ ಜಾಸ್ತಿ.

ಕರ್ನಾಟಕ ಸಂಗೀತ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿದಿರಿ. ನೀವು ಅಂದುಕೊಂಡ ಕಡೆ ಬರುವುದಿಲ್ಲ, ಬೇರೆ ಕಡೆ ಬರುತ್ತದೆ. ಸೀನಿಯರ್ ಸರ್ಟಿಫಿಕೇಟು ಲಗತ್ತಿಸಿ, ಒಳ್ಳೆಯದೇ, ಆದರೆ ಅದರ ತೂಕ ಅವರಿಗೆ ಗೊತ್ತಾಗುವುದಿಲ್ಲ. ನಿಜವಾಗಿ ಕೈ ಹಿಡಿಯುವುದು ಸ್ವರಜ್ಞಾನ. ನ್ಯಾಶ್‌ವಿಲ್‌ನ ಸ್ಟುಡಿಯೊಗಳಲ್ಲಿ ಕಾರ್ಡುಗಳನ್ನು ಅಕ್ಷರದಲ್ಲಿ ಬರೆಯುವ ಬದಲು ಅಂಕಿಯಲ್ಲಿ ಬರೆಯುವ ಪದ್ಧತಿ ಇದೆ, ನಂಬರ್ ಸಿಸ್ಟಮ್ ಅಂತಲೇ ಹೆಸರು. 1950ರ ದಶಕದ ಕೊನೆಯಲ್ಲಿ, ಎಲ್ವಿಸ್‌ಗೆ ಹಿನ್ನೆಲೆ ಹಾಡುತ್ತಿದ್ದ ಜೋರ್ಡನೇರ್ಸ್ ಗುಂಪಿನ ನೀಲ್ ಮ್ಯಾಥ್ಯೂಸ್ ಇದನ್ನು ಶುರು ಮಾಡಿದರು, ಸ್ಟುಡಿಯೊ ವಾದಕ ಚಾರ್ಲಿ ಮೆಕಾಯ್ ಬೆಳೆಸಿದರು. ಸಿ ಶ್ರುತಿಯಲ್ಲಿ 1 ಅಂದರೆ ಸಿ, 4 ಅಂದರೆ ಎಫ್, 5 ಅಂದರೆ ಜಿ. ಆರರ ಪಕ್ಕ ಒಂದು ಅಡ್ಡಗೆರೆ ಹಾಕಿದರೆ ಎ ಮೈನರ್. ಗಾಯಕಿ "ನನಗೆ ಇದು ಕೆಳಗಾಯಿತು, ಡಿ ಶ್ರುತಿಗೆ ಏರಿಸಿ" ಅಂದರೆ ಕಾಗದದಲ್ಲಿ ಏನೂ ಬದಲಾಗುವುದಿಲ್ಲ. ಅದೇ 1, 4, 5. ಕೈ ಮಾತ್ರ ಜಾಗ ಬದಲಿಸುತ್ತದೆ.

ಇದು ನಮ್ಮ ಷಡ್ಜದ ಲೆಕ್ಕವೇ ಅಲ್ವಾ? ಗಂಡಸರ ಶ್ರುತಿ ಒಂದು ಮನೆ, ಹೆಂಗಸರ ಶ್ರುತಿ ಐದು ಮನೆ, ಹಾಡುವ ಸ್ವರ ಮಾತ್ರ ಅದೇ ಸರಿಗಮ. ಎಂಟು ವರ್ಷ ನೀವು ಮಾಡಿದ್ದು ಅದನ್ನೇ. ಸ ಅಂದರೆ 1, ಮ ಅಂದರೆ 4, ಪ ಅಂದರೆ 5 ಅಂತ ಹಿಡಿದು, ಕೇಳಿದ ಹಾಡಿಗೆಲ್ಲ ಬೇಸ್ (ತೀರಾ ಕೆಳಗಿನ ದಪ್ಪ ಸ್ವರ) ಎಲ್ಲಿ ಹೋಗುತ್ತಿದೆ ಅಂತ ಸರಿಗಮದಲ್ಲಿ ಹಾಡಿಕೊಂಡು ಅಂಕಿಯಲ್ಲಿ ಬರೆಯಿರಿ. ದಿನಕ್ಕೆ ಎರಡು ಹಾಡು ಸಾಕು, ಬಸ್ಸಲ್ಲೂ ಮಾಡಬಹುದು. ತಂತಿ ಜಗ್ಗಿ ಸ್ವರ ಏರಿಸುವುದು ಕಂಟ್ರಿ ಗಿಟಾರಿನ ಜೀವ, ವೀಣೆಯ ಗಮಕ ಕೇಳಿ ಬೆಳೆದ ಕಿವಿಗೆ ಆ ಬೆಂಡ್ ಎಲ್ಲಿ ನಿಲ್ಲಬೇಕು ಅಂತ ಬೇಗ ಗೊತ್ತಾಗುತ್ತದೆ.

ಅಡ್ಡ ಬರುವುದು ಎರಡು. ಒಂದು ತಾಳ. ಆದಿತಾಳದಲ್ಲಿ ಕೈ ಪೆಟ್ಟು ಬೀಳುವುದು 1, 5, 7ಕ್ಕೆ. ಅಲ್ಲಿನ ಹಾಡಿನಲ್ಲಿ, ನಾಲ್ಕರ ಎಣಿಕೆಯಲ್ಲಿ, ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವುದು 2 ಮತ್ತು 4ಕ್ಕೆ. ನಮ್ಮವರು ಗೊತ್ತಿಲ್ಲದೆಯೇ 1ರ ಮೇಲೆ ಭಾರ ಹಾಕುತ್ತಾರೆ, ಹಾಡು ಕುಂಟುತ್ತದೆ. ಮೆಟ್ರೊನೋಮಿನ ಸದ್ದನ್ನೇ 2 ಮತ್ತು 4 ಅಂತ ತಿಳಿದುಕೊಂಡು ಅಭ್ಯಾಸ ಮಾಡಿ. ಮೊದಲ ವಾರ ತಲೆ ಕೆಡುತ್ತದೆ, ಕೆಡಲಿ. ಇನ್ನೊಂದು ಹಾರ್ಮೊನಿ. ನಮ್ಮ ಕಿವಿ ಒಂದೇ ಎಳೆ ಹಿಡಿದು ಹೋಗುವುದಕ್ಕೆ ಪಳಗಿದ್ದು, ನಾಲ್ಕು ಸ್ವರ ಒಟ್ಟಿಗೆ ಬಂದಾಗ ಒಳಗಿನದನ್ನು ಬಿಡಿಸಲು ಕಷ್ಟಪಡುತ್ತದೆ. ಜೊತೆಗೆ ಐದು ಗೆರೆಗಳ ಮೇಲೆ ಬರೆಯುವ ಸ್ಟಾಫ್ ನೊಟೇಷನ್ ಓದಲು ಬರಲೇಬೇಕು, ನಂಬರ್ ಸಿಸ್ಟಮ್ ಗೊತ್ತಿದ್ದರೂ ಇದು ತಪ್ಪುವುದಿಲ್ಲ. ಪಾಶ್ಚಾತ್ಯ ಸಂಗೀತದ ಪರೀಕ್ಷೆ ನಡೆಸುವ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಸಂಸ್ಥೆಯ ಥಿಯರಿ ಪುಸ್ತಕಗಳನ್ನು ಗ್ರೇಡ್ 5ರವರೆಗೆ ಮುಗಿಸಿ. ಪರೀಕ್ಷೆ ಬರೆಯುವುದು ಬಿಡುವುದು ನಿಮ್ಮಿಷ್ಟ.

ವಿಡಿಯೊ ಒಂದೇ ಟೇಕ್‌ನಲ್ಲಿ ಇರಲಿ, ಕತ್ತರಿ ಬೇಡ. ಎರಡೂ ಕೈ, ಮುಖ ಕಾಣಬೇಕು. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಟ್ಟಿದ್ದರೆ ಇಳಿಯುವವರೆಗೆ ಕಾಯಿರಿ. ಒಮ್ಮೆ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ನನಗೂ ಹೇಳದೆ ಸ್ಟುಡಿಯೊಗೆ ಹೋಗಿ, ದುಡ್ಡು ಸುರಿದು, ಪಿಚ್ ತಿದ್ದಿಸಿ, ಎಕೋ ಹಾಕಿಸಿ ಚಂದದ ವಿಡಿಯೊ ಮಾಡಿ ಒಂದು ಕಾಲೇಜಿಗೆ ಕಳಿಸಿದಳು. ಮೊದಲ ಸುತ್ತಲ್ಲೇ ಹೋಯಿತು. ಮರುವರ್ಷ ಮಲಗುವ ಕೋಣೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಪಾಸಾಯಿತು. ಮಧ್ಯದ ಒಂದು ವರ್ಷ ಅವಳು ಚೆನ್ನಾಗಿ ಅಭ್ಯಾಸ ಮಾಡಿದ್ದಳು, ಅದನ್ನೂ ಹೇಳಬೇಕು.

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ಇದೇ ಡಿಗ್ರಿ ಓದುವ ಹಠ. ನಾನು ಬ್ಯಾಂಕ್ ಉದ್ಯೋಗಿ. ಖರ್ಚು ಎಷ್ಟು? ಓದುವಾಗಲೇ ಕಾರ್ಯಕ್ರಮ ಕೊಟ್ಟು ದುಡಿಯಬಹುದು ಅನ್ನುತ್ತಾಳೆ, ನಿಜವೇ?

ಉತ್ತರ: ನಿಜ ಅಲ್ಲ. ಈ ಒಂದು ವಿಷಯವನ್ನು ದಯವಿಟ್ಟು ಅವಳಿಗೆ ಇವತ್ತೇ ಹೇಳಿ.

ಅವಳಿಗೆ ಸಿಗುವುದು ಎಫ್-1 ಅನ್ನುವ ವಿದ್ಯಾರ್ಥಿ ವೀಸಾ. ಅದರಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಲೈಬ್ರರಿ, ಕೆಫೆಟೇರಿಯಾ, ಸ್ಟೇಜಿನ ಕೆಲಸ, ಅಂಥದ್ದು. ಹೊರಗೆ ಅನುಮತಿ ಇಲ್ಲದೆ ದುಡ್ಡು ತೆಗೆದುಕೊಂಡು ಹಾಡಿದರೆ ವೀಸಾ ನಿಯಮ ಮುರಿದಂತೆ. ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯಲ್ಲಿ ಬೆಳಿಗ್ಗೆಯಿಂದ ಮಧ್ಯರಾತ್ರಿವರೆಗೆ ಬಾರುಗಳಲ್ಲಿ ಬ್ಯಾಂಡು ನುಡಿಸುತ್ತಲೇ ಇರುತ್ತದೆ, ಮುಂದೆ ಟಿಪ್ಸ್ ಹಾಕುವ ಡಬ್ಬಿ. ಪಕ್ಕದ ಅಮೆರಿಕನ್ ಹುಡುಗಿ ಅಲ್ಲಿ ಹಾಡಿ ದುಡ್ಡು ತರುತ್ತಾಳೆ, ನಿಮ್ಮ ಮಗಳು ತರುವ ಹಾಗಿಲ್ಲ. ಒಂದು ವರ್ಷ ಮುಗಿದ ಮೇಲೆ, ಓದಿನ ಭಾಗವಾದ ಇಂಟರ್ನ್‌ಶಿಪ್‌ಗೆ ಕಾಲೇಜೇ ಅನುಮತಿ ಕೊಡುವ ದಾರಿ ಇದೆ, ಅದಕ್ಕೆ ಸಿಪಿಟಿ ಅನ್ನುತ್ತಾರೆ. ಡಿಗ್ರಿ ಮುಗಿದ ಮೇಲೆ ಓದಿಗೆ ಸಂಬಂಧಿಸಿದ ಕೆಲಸ ಮಾಡಲು 12 ತಿಂಗಳ ಅನುಮತಿ, ಅದಕ್ಕೆ ಒಪಿಟಿ ಅನ್ನುತ್ತಾರೆ. ಎಂಜಿನಿಯರಿಂಗ್ ಮಕ್ಕಳಿಗೆ ಸಿಗುವ ಇನ್ನೂ 24 ತಿಂಗಳು ಸಂಗೀತ ನುಡಿಸುವ ಡಿಗ್ರಿಗೆ ಸಿಗುವುದಿಲ್ಲ. ಅಂದರೆ ನಾಲ್ಕು ವರ್ಷ ಬೆಳೆಸಿದ ಪರಿಚಯಗಳನ್ನು ಕೆಲಸವಾಗಿ ಬದಲಿಸಲು ಒಂದೇ ವರ್ಷ.

ಖರ್ಚು. ಬೆಲ್ಮಾಂಟ್ ಖಾಸಗಿ ಯೂನಿವರ್ಸಿಟಿ. ಟ್ಯೂಷನ್ನೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಅಂತ ಕಡಿಮೆಗೆ ಹಿಡಿದರೂ 34 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 36 ಲಕ್ಷ. ಊಟ, ರೂಮು, ವಿಮೆ, ವಿಮಾನ ಇದರ ಮೇಲೆ. ಆಡಿಷನ್ ಚೆನ್ನಾಗಿ ಆದರೆ ಸ್ಕಾಲರ್‌ಶಿಪ್ ಸಿಗಬಹುದು, ಆದರೆ ಪೂರ್ತಿ ಫೀಸು ಮನ್ನಾ ಆಗುವಷ್ಟು ಸಿಗುವುದು ಅಪರೂಪ. ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಯೂನಿವರ್ಸಿಟಿ ಕೊಡುವ ಮೊದಲೇ ಮೊದಲ ವರ್ಷದ ಪೂರ್ತಿ ದುಡ್ಡು ಎಲ್ಲಿದೆ ಅಂತ ತೋರಿಸಬೇಕು. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಫೀಸು 350 ಡಾಲರ್, ವೀಸಾ ಅರ್ಜಿ 185 ಡಾಲರ್, ಇವು ಆ ಲೆಕ್ಕದ ಮುಂದೆ ಚಿಲ್ಲರೆ.

ನೀವು ಬ್ಯಾಂಕಿನವರು, ಸಾಲದ ಕಂತನ್ನು ನನಗಿಂತ ಚೆನ್ನಾಗಿ ಲೆಕ್ಕ ಹಾಕುತ್ತೀರಿ. ನನ್ನ ಅಭಿಪ್ರಾಯ ಕೇಳಿದರೆ, ಮನೆ ಅಡವಿಟ್ಟು ಈ ಡಿಗ್ರಿಗೆ ಕಳಿಸಬೇಡಿ. ನ್ಯಾಶ್‌ವಿಲ್‌ನಿಂದ ಸುಮಾರು 50 ಕಿಲೋಮೀಟರ್ ದೂರದ ಮರ್ಫ್ರೀಸ್‌ಬರೋದಲ್ಲಿ ಮಿಡಲ್ ಟೆನೆಸಿ ಸ್ಟೇಟ್ ಯೂನಿವರ್ಸಿಟಿ ಇದೆ. ಸರ್ಕಾರಿ ಯೂನಿವರ್ಸಿಟಿ, ರೆಕಾರ್ಡಿಂಗ್ ಉದ್ಯಮಕ್ಕೇ ಒಂದು ವಿಭಾಗ ಇಟ್ಟಿದ್ದಾರೆ, ಅದರ ಫೀಸನ್ನೂ ಪಕ್ಕದಲ್ಲಿಟ್ಟು ನೋಡಿ. ಇಲ್ಲೇ ಹತ್ತಿರ ಬೇಕು ಅಂದರೆ ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈನಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಅಲ್ಲಿ ಒಂದು ವರ್ಷ ಕಲಿತು, ಕೈ ಗಟ್ಟಿ ಮಾಡಿಕೊಂಡು, ಆಮೇಲೆ ಅಮೆರಿಕಕ್ಕೆ ಆಡಿಷನ್ ಕೊಟ್ಟರೆ ಸ್ಕಾಲರ್‌ಶಿಪ್ಪಿನ ಆಸೆ ಇಟ್ಟುಕೊಳ್ಳುವುದಕ್ಕಾದರೂ ಅರ್ಥ ಇರುತ್ತದೆ. ಒಂದು ವರ್ಷ ತಡವಾದರೆ ಏನೂ ಮುಳುಗುವುದಿಲ್ಲ.

ಪ್ರಶ್ನೆ: ನಾನು ಗಾಯಕಿ. ಆಡಿಷನ್‌ಗೆ ಭಾವಗೀತೆ ಹಾಡಬಹುದಾ? ಇಂಗ್ಲಿಷ್ ಹಾಡಿನಲ್ಲಿ ನನ್ನ ಉಚ್ಚಾರಣೆ ಅಷ್ಟು ಚೆನ್ನಾಗಿಲ್ಲ.

ಉತ್ತರ: ಎರಡು ಹಾಡು ಕೇಳಿದರೆ ಎರಡೂ ಇಂಗ್ಲಿಷೇ ಇರಲಿ. ಮೂರನೆಯದಕ್ಕೆ ಅಥವಾ ಸ್ವಂತ ಹಾಡಿಗೆ ಅವಕಾಶ ಇದ್ದರೆ ಮಾತ್ರ ಕನ್ನಡದ್ದು ಹಾಡಿ, ಒಂದು ಚರಣ ಸಾಕು. ಅಮೆರಿಕದವರ ಹಾಗೆ ಉಚ್ಚರಿಸಲು ಹೋಗಿ ಬಾಯಿ ತಿರುಚಬೇಡಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಡಿನ ಸಾಲುಗಳನ್ನು ಮೊದಲು ರಾಗ ಇಲ್ಲದೆ, ಗೆಳತಿಗೆ ವಿಷಯ ಹೇಳುವ ಹಾಗೆ ಓದಿ. ಎಲ್ಲಿ ಒತ್ತು ಬೀಳುತ್ತದೋ ಗುರುತು ಹಾಕಿಕೊಳ್ಳಿ. ನಮ್ಮ ಗಾಯಕಿಯರು ದೀರ್ಘ ಸ್ವರ ಬಂದ ಕಡೆಯೆಲ್ಲ ಅಭ್ಯಾಸಬಲದಿಂದ ಗಮಕ ಹಾಕುತ್ತಾರೆ. ಇಡೀ ಹಾಡಿಗೆ ಎರಡು ಕಡೆ ಬಿಟ್ಟು ಉಳಿದದ್ದನ್ನೆಲ್ಲ ನೇರವಾಗಿ ಹಿಡಿದು ಹಾಡಿ, ರೆಕಾರ್ಡ್ ಮಾಡಿ, ಮರುದಿನ ಬೆಳಿಗ್ಗೆ ಕೇಳಿ. ಎರಡಲ್ಲಿ ಒಂದು ಗಮಕವೂ ಹೆಚ್ಚಾಯಿತು ಅನಿಸಿದರೆ ಅದನ್ನೂ ತೆಗೆಯಿರಿ.