ಮಗಳ ಎಡಗೈ ದಿನವಿಡೀ ಅದುರುತ್ತದೆ, ಆಪರೇಷನ್‌ಗೆ ಒಪ್ಪಬೇಕಾ?

ಪ್ರಶ್ನೆ: ಮಗಳಿಗೆ ಏಳು ವರ್ಷ. ಕಳೆದ ವರ್ಷ ಫಿಟ್ಸ್ ಶುರುವಾಯಿತು. ಈಗ ಎಡಗೈ ಬೆರಳು, ಬಾಯಿಯ ಎಡತುದಿ ಸದಾ ಅದುರುತ್ತವೆ. ಲೋಟ ಹಿಡಿದರೆ ಜಾರುತ್ತದೆ. ಮೂರು ಬಗೆಯ ಮಾತ್ರೆ ನಡೆಯುತ್ತಿದೆ. ‘ರಾಸ್ಮುಸೆನ್ ಎನ್ಸೆಫಲೈಟಿಸ್’ ಎಂದಿದ್ದಾರೆ. ಒಬ್ಬ ಡಾಕ್ಟರ್ ಐವಿಐಜಿ ಕೊಡೋಣ ಅಂತಾರೆ, ಇನ್ನೊಬ್ಬರು ಆಪರೇಷನ್ ಅಂತಾರೆ. ದೊಡ್ಡವಳಾದ ಮೇಲೆ ತಾನಾಗಿಯೇ ಹೋಗುತ್ತೆ ಅನ್ನುತ್ತಾರೆ ನಮ್ಮತ್ತೆ. ಶಾಲೆಗೆ ಕಳಿಸಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮತ್ತೆಯವರ ಮಾತು ಮಕ್ಕಳ ಕೆಲವು ಫಿಟ್ಸ್‌ಗಳ ವಿಷಯದಲ್ಲಿ ನಿಜ. ಇದರಲ್ಲಿ ಅಲ್ಲ. ಮೈಯನ್ನು ಕಾಯಬೇಕಾದ ರಕ್ಷಣಾ ಕಣಗಳೇ ಇಲ್ಲಿ ಮಿದುಳಿನ ಒಂದು ಅರ್ಧದ ಮೇಲೆ ಬೀಳುತ್ತವೆ. ಆ ಅರ್ಧ ಬರಬರುತ್ತಾ ಕುಗ್ಗುತ್ತದೆ. 1958ರಲ್ಲಿ ಮಾಂಟ್ರಿಯಲ್‌ನ ಡಾ. ಥಿಯೋಡರ್ ರಾಸ್ಮುಸೆನ್ ಇದನ್ನು ವಿವರಿಸಿದರು. ಯಾಕೆ ಬರುತ್ತದೆ ಎಂದು ಇನ್ನೂ ಗೊತ್ತಾಗಿಲ್ಲ. ನೀವು ಮಾಡಿದ ತಪ್ಪಿನಿಂದ ಬಂದಿದ್ದಂತೂ ಖಂಡಿತ ಅಲ್ಲ.

ಫಿಟ್ಸ್ ಮಾತ್ರೆಗಳು ದೊಡ್ಡ ಫಿಟ್ಸನ್ನು ಸ್ವಲ್ಪ ತಡೆಯುತ್ತವೆ. ಬೆರಳಿನ ಆ ಬಿಡದ ಅದುರು ಮಾತ್ರ ಸಾಮಾನ್ಯವಾಗಿ ಅವುಗಳಿಗೆ ಬಗ್ಗುವುದಿಲ್ಲ. ನಾಲ್ಕನೆಯದು, ಐದನೆಯದು ಅಂತ ಸೇರಿಸುತ್ತಾ ಹೋದರೆ ಮಗು ತೂಕಡಿಸುತ್ತದೆ, ಅಷ್ಟೆ.

ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಹನಿಸುವುದು), ಸ್ಟೀರಾಯ್ಡ್, ಟ್ಯಾಕ್ರೊಲಿಮಸ್ ಇವೆಲ್ಲ ರಕ್ಷಣಾ ಕಣಗಳ ಆರ್ಭಟ ಇಳಿಸುವ ಔಷಧಿಗಳು. ಕೈಕಾಲು ಸೋಲುವುದನ್ನು ನಿಧಾನ ಮಾಡಬಲ್ಲವು. ಫಿಟ್ಸ್ ಪೂರ್ತಿ ನಿಲ್ಲಿಸುವುದು ಅಪರೂಪ. ಕೈಯಲ್ಲಿ ಶಕ್ತಿ ಚೆನ್ನಾಗಿದ್ದಾಗ, ಅಥವಾ ಮಾತಿನ ಭಾಗ ಇರುವ ಎಡ ಮಿದುಳಿಗೇ ಕಾಯಿಲೆ ಬಂದಾಗ, ಇವುಗಳಿಂದ ಸಮಯ ಗಳಿಸಬಹುದು.

ಆಪರೇಷನ್ ಹೆಸರು ಹೆಮಿಸ್ಫೆರಾಟಮಿ. ಅರ್ಧ ಮಿದುಳನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಕಾಯಿಲೆ ಬಿದ್ದ ಅರ್ಧಕ್ಕೂ ಉಳಿದ ಭಾಗಕ್ಕೂ ಇರುವ ನರತಂತುಗಳನ್ನು ಕಡಿಯುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಫಿಟ್ಸ್ ನಿಲ್ಲುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಡಗೈ ಬೆರಳುಗಳ ಸೂಕ್ಷ್ಮ ಕೆಲಸ ಹೋಗುತ್ತದೆ. ಎರಡೂ ಕಣ್ಣಿಗೆ ಎಡಬದಿಯ ನೋಟ ಹೋಗುತ್ತದೆ. ಕೆಲವರಿಗೆ ತಲೆಯಲ್ಲಿ ನೀರು ತುಂಬಿ, ಅದನ್ನು ಹರಿಸುವ ಸಣ್ಣ ಕೊಳವೆ (ಶಂಟ್) ಹಾಕಬೇಕಾಗಬಹುದು. ನಡಿಗೆ ಫಿಸಿಯೋಥೆರಪಿಯಿಂದ ಬಹುತೇಕ ಮಕ್ಕಳಿಗೆ ವಾಪಸ್ ಬರುತ್ತದೆ. ಎಡಗೈಯನ್ನು ಆಡಿಸುವುದು ಬಲ ಮಿದುಳು. ನಿಮ್ಮ ಮಗಳಿಗೆ ಕಾಯಿಲೆ ಇರುವುದು ಅಲ್ಲೇ, ಹಾಗಾಗಿ ಮಾತು ಉಳಿಯುವ ಸಾಧ್ಯತೆಯೇ ಜಾಸ್ತಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಲೋಟದ ಮಾತು. ಅದು ಜಾರುವುದು ಅದುರಿನಿಂದಲಾ, ಶಕ್ತಿ ಕುಂದಿರುವುದರಿಂದಲಾ? ಅದುರು ಕಡಿಮೆ ಇರುವ ಹೊತ್ತು ನೋಡಿ ಯೂನಿಫಾರ್ಮ್ ಗುಂಡಿ ಹಾಕಲು ಹೇಳಿ. ಎಡಗೈ ಬೆರಳು ಒಂದೊಂದಾಗಿ ಆಡುತ್ತವಾ, ಇಲ್ಲ ಮುಷ್ಟಿಯಂತೆ ಒಟ್ಟಿಗೇ ಮಡಚುತ್ತವಾ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಬೆರಳು ಚೆನ್ನಾಗಿ ಆಡುತ್ತಿದ್ದರೆ ಐವಿಐಜಿ ಕೊಟ್ಟು, ಕೆಲವು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸಿ ನೋಡುವುದು ಸರಿ. ಆದರೆ ಎಲ್ಲಿಯವರೆಗೆ ಕಾಯುವುದು ಎಂದು ಮೊದಲೇ ಕೇಳಿ. ಬೆರಳು ಆಗಲೇ ಸೋತಿದ್ದರೆ ಆಪರೇಷನ್ ಕಿತ್ತುಕೊಳ್ಳುವುದರಲ್ಲಿ ದೊಡ್ಡ ಪಾಲನ್ನು ಕಾಯಿಲೆಯೇ ಕಿತ್ತುಕೊಂಡಿದೆ. ಆಗ ತಡ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಉಳಿದ ಅರ್ಧ ಕಲಿಯುವಷ್ಟು ಮುಂದೆ ಕಲಿಯುವುದಿಲ್ಲ.

ಎರಡು ದಾರಿಯಲ್ಲಿ ಯಾವುದೇ ಆದರೂ ಆಪರೇಷನ್ ತಂಡವನ್ನು ಈಗಲೇ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ ಫಿಟ್ಸ್ ಆಪರೇಷನ್‌ಗೇ ತಂಡಗಳಿವೆ. ರಿಪೋರ್ಟ್ ಮಾತ್ರ ಅಲ್ಲ, ಎಂಆರ್‌ಐ ಸಿಡಿಗಳನ್ನೂ ಒಯ್ಯಿರಿ. ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ನೋಡಿದರೇ ಕಾಯಿಲೆಯ ವೇಗ ತಿಳಿಯುವುದು. ಯಾರು ಏನೇ ಹೇಳಲಿ, ಈಗಿನ ಮಾತ್ರೆ ದಿಢೀರ್ ನಿಲ್ಲಿಸಬೇಡಿ.

ಶಾಲೆಗೆ ಧಾರಾಳವಾಗಿ ಕಳಿಸಿ. ಟೀಚರ್‌ಗೆ ವಿಷಯ ಹೇಳಿ: ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಕೈಗೆ ಬೀಗದ ಕೈ ಕೊಡುವುದು ಬೇಡ, ಐದು ನಿಮಿಷ ದಾಟಿದರೆ ಆಸ್ಪತ್ರೆ. ಫಿಟ್ಸ್ ನಿಲ್ಲಿಸಲು ಮೂಗಿಗೆ ಬಿಡುವ ಮಿಡಜೋಲಮ್ ಸ್ಪ್ರೇ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಅವರು ಬರೆದುಕೊಟ್ಟರೆ ಒಂದು ಶಾಲೆಯಲ್ಲಿ ಇರಲಿ, ಒಂದು ಮನೆಯಲ್ಲಿ.