ಪೈಥಾನ್‌ನಲ್ಲಿ ಫೈಲ್ ಬರೆಯದೆ, ಮೆಮೊರಿಯಲ್ಲೇ ಡೇಟಾ ಕುಗ್ಗಿಸಿ ಮತ್ತೆ ಬಿಡಿಸುವುದು ಹೇಗೆ?

ಪೈಥಾನ್ ಜೊತೆಗೇ ಬರುವ ಝಡ್‌ಲಿಬ್ ಎಂಬ ಮಾಡ್ಯೂಲ್ ಸಾಕು. ಅದರ ಕಂಪ್ರೆಸ್ ಫಂಕ್ಷನ್‌ಗೆ ಬೈಟ್ಸ್ ಕೊಟ್ಟರೆ ಕುಗ್ಗಿದ ಬೈಟ್ಸ್ ವಾಪಸ್ ಬರುತ್ತವೆ, ಡಿಕಂಪ್ರೆಸ್ ಅವನ್ನು ಬಿಡಿಸುತ್ತದೆ. ಜಾಸ್ತಿ ಜನ ಎಡವುವುದು ಸ್ಟ್ರಿಂಗ್ ಅನ್ನೇ ನೇರವಾಗಿ ಕೊಟ್ಟು. ಮೊದಲು ಯುಟಿಎಫ್-8ಗೆ (ಅಕ್ಷರಗಳನ್ನು ಬೈಟ್ಸ್ ಆಗಿಸುವ ವಿಧಾನ) ಎನ್‌ಕೋಡ್ ಮಾಡಿ, ಬಿಡಿಸಿದ ಮೇಲೆ ಡಿಕೋಡ್ ಮಾಡಿ.

ತೀರಾ ಚಿಕ್ಕ ಡೇಟಾವನ್ನು ಸುಮ್ನೆ ಕುಗ್ಗಿಸಲು ಹೋಗಬೇಡಿ. ‘ಕನ್ನಡ’ ಎಂಬ ಪದ ಯುಟಿಎಫ್-8ರಲ್ಲಿ 15 ಬೈಟ್. ಝಡ್‌ಲಿಬ್ ಹೆಡರ್‌ಗೆ 2, ಡೇಟಾ ಕೆಟ್ಟಿಲ್ಲವೆಂದು ಪರೀಕ್ಷಿಸುವ ಕೊನೆಯ ಚೆಕ್‌ಸಮ್‌ಗೆ 4 ಬೈಟ್ ಸೇರಿಸುತ್ತದೆ. ಪದ ಕುಗ್ಗುವ ಬದಲು ಹಿಗ್ಗುತ್ತದೆ! ಅದನ್ನೇ 1,000 ಸಲ ಬರೆದು ಕುಗ್ಗಿಸಿ ನೋಡಿ, 15,000 ಬೈಟ್ 200ರೊಳಗೆ ಇಳಿಯುತ್ತದೆ.

ಹೊರಗಿನವರು ಕಳಿಸಿದ ಡೇಟಾ ಆದರೆ ಹುಷಾರು. ಪುಟ್ಟ ಗಂಟೊಂದು ಬಿಚ್ಚಿದಾಗ ಮೆಮೊರಿಯನ್ನೆಲ್ಲ ನುಂಗಬಹುದು. ಅಲ್ಲಿ ಝಡ್‌ಲಿಬ್‌ನದೇ ಡಿಕಂಪ್ರೆಸ್‌ಆಬ್ಜ್ ಫಂಕ್ಷನ್ ಬಳಸಿ, ಒಂದು ಸಲಕ್ಕೆ ಎಷ್ಟು ಬೈಟ್ ಹೊರಬರಬಹುದು ಎಂಬುದಕ್ಕೆ ಮ್ಯಾಕ್ಸ್‌ಲೆಂತ್ (max_length) ಮಿತಿ ಹಾಕಿ, ತುಂಡು ತುಂಡಾಗಿ ಬಿಡಿಸಿ.